ಓದುಗರ ಪ್ರಶ್ನೆ, ನಮ್ಮ ಉತ್ತರ: ಸೀಸ ಬಿಟ್ಟ ಹರಳಿಗೆ ಬೆಳಕು ಎಲ್ಲಿಂದ?

ಸೀಸವಿಲ್ಲದ ಪೆರೊವ್‌ಸ್ಕೈಟ್ ಹರಳೊಂದಕ್ಕೆ ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಬಿಸ್ಮತ್ ಬೆರೆಸಿದಾಗ ಅದು ಬೆಚ್ಚನೆಯ ಬಿಳಿ ಬೆಳಕನ್ನು ಸೂಸಿತೆಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲಿನ ಟಿಪ್ಪಣಿಯೊಂದನ್ನು ಪ್ರಕಟಿಸಿದ್ದೆವು. ಆ ನಾಲ್ಕು ಸಾಲು ಇಷ್ಟು ಪತ್ರಗಳನ್ನು ತರಿಸುತ್ತದೆಂದು ನಾವು ಎಣಿಸಿರಲಿಲ್ಲ. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಪೆರೊವ್‌ಸ್ಕೈಟ್ ಎನ್ನುವುದು ಒಂದು ಧಾತುವೇ? ಸೌರಕೋಶದ ಸುದ್ದಿಯಲ್ಲೂ ಇದೇ ಹೆಸರು, ಬೆಳಕಿನ ಸುದ್ದಿಯಲ್ಲೂ ಇದೇ ಹೆಸರು ಕೇಳಿಬರುತ್ತದೆ. ಅದರಲ್ಲಿ ಸೀಸ ಏಕೆ ಇತ್ತು, ಈಗ ಏಕೆ ಬೇಡವಾಗಿದೆ?

ಉತ್ತರ: ಪೆರೊವ್‌ಸ್ಕೈಟ್ ಧಾತುವಲ್ಲ, ಈಗಿನ ಬಳಕೆಯಲ್ಲಿ ಅದು ಒಂದೇ ಒಂದು ಸಂಯುಕ್ತವೂ ಅಲ್ಲ, ಪರಮಾಣುಗಳು ಸಾಲಾಗಿ ಕೂರುವ ಒಂದು ಕ್ರಮದ ಹೆಸರು. 1839ರಲ್ಲಿ ಜರ್ಮನಿಯ ಗುಸ್ಟಾಫ್ ರೋಸ್ ಅವರು ಉರಾಲ್ ಪರ್ವತಗಳಲ್ಲಿ ಸಿಕ್ಕಿದ ಕ್ಯಾಲ್ಸಿಯಂ ಟೈಟನೇಟ್ ಖನಿಜವನ್ನು ವಿವರಿಸಿ, ರಷ್ಯಾದ ಖನಿಜತಜ್ಞ ಲೆವ್ ಪೆರೊವ್‌ಸ್ಕಿ ಅವರ ಹೆಸರನ್ನು ಅದಕ್ಕೆ ಇಟ್ಟರು. ಆ ಖನಿಜದ ಒಳರಚನೆಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ನಡುವೆ ಒಂದು ಲೋಹದ ಅಯಾನು (ವಿದ್ಯುದಂಶ ಹೊತ್ತ ಪರಮಾಣು), ಅದರ ಸುತ್ತ ಆರು ಋಣ ಅಯಾನುಗಳು ಸೇರಿ ಒಂದು ಎಂಟುಮುಖಿ ಆಗುತ್ತದೆ, ಇಂತಹ ಎಂಟುಮುಖಿಗಳು ಮೂಲೆಗೆ ಮೂಲೆ ತಾಗಿಸಿಕೊಂಡು ಮೂರೂ ದಿಕ್ಕಿಗೆ ಹಬ್ಬುತ್ತವೆ, ಅವುಗಳ ನಡುವೆ ಉಳಿಯುವ ಪೊಳ್ಳುಗಳಲ್ಲಿ ದೊಡ್ಡ ಗಾತ್ರದ ಇನ್ನೊಂದು ಧನ ಅಯಾನು ಕೂರುತ್ತದೆ. ಈ ಕ್ರಮವನ್ನು ಪಾಲಿಸುವ ಎಲ್ಲ ವಸ್ತುಗಳಿಗೂ ಇಂದು ಇದೇ ಹೆಸರು ಸಲ್ಲುತ್ತದೆ.

ಋಣ ಅಯಾನು ಆಮ್ಲಜನಕದ ಬದಲು ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಆದಾಗ ಹ್ಯಾಲೈಡ್ ಪೆರೊವ್‌ಸ್ಕೈಟ್ ಸಿಗುತ್ತದೆ. ಸೀಸಿಯಂ, ಸೀಸ ಮತ್ತು ಹ್ಯಾಲೈಡ್ ಸೇರಿದ ಹರಳುಗಳ ರಚನೆಯನ್ನು ಡೆನ್ಮಾರ್ಕಿನ ಕ್ರಿಶ್ಚಿಯನ್ ಮೋಲರ್ ಅವರು 1958ರಲ್ಲೇ ಪ್ರಕಟಿಸಿದ್ದರೂ, ಅವುಗಳ ಬೆಳಕಿನ ಶಕ್ತಿ ಲೋಕಕ್ಕೆ ಗೊತ್ತಾದದ್ದು ಬಹಳ ತಡವಾಗಿ. 2015ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಮಕ್ಸಿಮ್ ಕೊವಲೆಂಕೊ ಅವರ ತಂಡವು ಇದೇ ಕುಟುಂಬದ ನ್ಯಾನೊಹರಳುಗಳನ್ನು ತಯಾರಿಸಿ, ನೇರಳೆಯಿಂದ ಕೆಂಪಿನವರೆಗೆ ಬೇಕಾದ ಬಣ್ಣವನ್ನು ಶೇ. 90ರವರೆಗಿನ ಇಳುವರಿಯಲ್ಲಿ ಪಡೆಯಬಹುದೆಂದು ತೋರಿಸಿತು. ಇಲ್ಲಿ ಇಳುವರಿ ಎಂದರೆ, ವಸ್ತು ನೂರು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಹೀರಿಕೊಂಡರೆ ಅದರಿಂದ ಎಷ್ಟು ಫೋಟಾನುಗಳು ಹೊರಬರುತ್ತವೆ ಎಂಬ ಲೆಕ್ಕ. ಹರಳಿನಲ್ಲಿ ಸಣ್ಣಪುಟ್ಟ ದೋಷಗಳಿದ್ದರೂ ಬೆಳಕು ಕುಂದದಿರುವುದು ಸೀಸದ ಹ್ಯಾಲೈಡುಗಳ ಅಪರೂಪದ ಗುಣ, ಸಂಶೋಧಕರು ಸೀಸವನ್ನು ಅಷ್ಟು ಸುಲಭವಾಗಿ ಬಿಡಲಾರದಿರುವುದಕ್ಕೆ ಕಾರಣವೂ ಅದೇ.

ತೊಂದರೆ ಏನೆಂದರೆ, ಸೀಸಿಯಂ ಸೀಸ ಬ್ರೋಮೈಡಿನ ತೂಕದಲ್ಲಿ ಸುಮಾರು ಶೇ. 36ರಷ್ಟು ಸೀಸವೇ ಇದೆ. ಯುರೋಪಿಯನ್ ಒಕ್ಕೂಟದ ನಿಯಮವು ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳ ಪ್ರತಿಯೊಂದು ಏಕರೂಪದ ವಸ್ತುವಿನಲ್ಲಿ ಸೀಸಕ್ಕೆ ಹಾಕಿರುವ ಸಾಮಾನ್ಯ ಮಿತಿ ಶೇ. 0.1. ಇದರ ಮೇಲೆ, ಈ ಹರಳುಗಳು ನೀರು ತಾಗಿದರೆ ಒಡೆದು, ಸೀಸವನ್ನು ಕರಗುವ ರೂಪದಲ್ಲಿ ಬಿಟ್ಟುಕೊಡುತ್ತವೆ. ಸೀಸದ ಬದಲಿಗೆ ಅದೇ ಗುಂಪಿನ ತವರವನ್ನೋ ಜರ್ಮೇನಿಯಂ ಅನ್ನೋ ಕೂರಿಸಿ ನೋಡಿದ್ದಾಯಿತು. ಎರಡಕ್ಕೂ ಗಾಳಿಯಲ್ಲಿ ಉತ್ಕರ್ಷಣಗೊಂಡು, ಎರಡು ಧನ ವಿದ್ಯುದಂಶದ ಸ್ಥಿತಿಯಿಂದ ನಾಲ್ಕಕ್ಕೆ ಜಾರುವ ಚಾಳಿ ಇದೆ. ಹಾಗಾಗಿ ಇನ್ನೊಂದು ಉಪಾಯ ಬಂತು: ಎರಡು ಧನ ವಿದ್ಯುದಂಶವುಳ್ಳ ಎರಡು ಸೀಸದ ಅಯಾನುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಒಂದು ವಿದ್ಯುದಂಶದ ಬೆಳ್ಳಿ ಅಥವಾ ಸೋಡಿಯಂ ಒಂದನ್ನೂ ಮೂರು ವಿದ್ಯುದಂಶದ ಇಂಡಿಯಂ ಅಥವಾ ಬಿಸ್ಮತ್ ಒಂದನ್ನೂ ಒಂದು ಬಿಟ್ಟು ಒಂದರಂತೆ ಕೂರಿಸುವುದು. ಲೆಕ್ಕ ನಾಲ್ಕಕ್ಕೆ ನಾಲ್ಕು ಸರಿಹೋಗುತ್ತದೆ. ಇವನ್ನು ಜೋಡಿ ಪೆರೊವ್‌ಸ್ಕೈಟುಗಳು ಎನ್ನುತ್ತಾರೆ, ಮುಂದಿನ ಉತ್ತರಗಳಲ್ಲಿ ಬರುವುದು ಬಹುಪಾಲು ಇವೇ.

ಪ್ರಶ್ನೆ: ಸೀಸವಿಲ್ಲದ ಹರಳು ಎನ್ನುತ್ತೀರಿ, ಮರುಸಾಲಿನಲ್ಲೇ ಸೀಸಿಯಂ ಇದೆ ಎನ್ನುತ್ತೀರಿ. ಇದು ಹೇಗೆ?

ಉತ್ತರ: ಈ ಗೊಂದಲ ಕನ್ನಡದ ಕಿವಿಗೆ ಆಗುವಂಥದ್ದೇ. ಸೀಸ ನಮಗೆ ಹಳೆಯ ಕಾಲದಿಂದ ಗೊತ್ತಿರುವ ಭಾರಲೋಹ, ಪರಮಾಣು ಸಂಖ್ಯೆ 82. ಸೀಸಿಯಂ ಸೋಡಿಯಂ, ಪೊಟ್ಯಾಶಿಯಂಗಳ ಸಾಲಿಗೆ ಸೇರಿದ ಕ್ಷಾರಲೋಹ, ಪರಮಾಣು ಸಂಖ್ಯೆ 55. 1860ರಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಅವರು ಖನಿಜಜಲದ ರೋಹಿತದಲ್ಲಿ (ಬೆಳಕಿನ ಬಣ್ಣಗಳು ಬೇರ್ಪಟ್ಟ ಪಟ್ಟಿಯಲ್ಲಿ) ಎರಡು ನೀಲಿ ಗೆರೆಗಳನ್ನು ಕಂಡು, ಆಕಾಶನೀಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಉಚ್ಚಾರ ಹತ್ತಿರ ಬಂದದ್ದು ಬರೀ ಆಕಸ್ಮಿಕ. ಪೆನ್ಸಿಲಿನ ಸೀಸದ ಕಡ್ಡಿಯಲ್ಲಿ ಸೀಸವೇ ಇಲ್ಲದಿರುವಾಗ ಸೀಸಿಯಂ ಬಗ್ಗೆ ಅನುಮಾನಪಟ್ಟರೆ ತಪ್ಪಲ್ಲ.

ಪ್ರಶ್ನೆ: ಶುದ್ಧವಾದ ವಸ್ತುವೇ ಉತ್ತಮ ಎಂದು ಶಾಲೆಯಲ್ಲಿ ಕಲಿತೆವು. ಇಲ್ಲಿ ಶುದ್ಧ ಹರಳು ಬೆಳಗುವುದಿಲ್ಲ, ಅಶುದ್ಧಿ ಸೇರಿಸಿದರೆ ಬೆಳಗುತ್ತದೆ ಎಂದಿದ್ದೀರಿ. ಕಾರಣವೇನು?

ಉತ್ತರ: ಬಂದ ಪತ್ರಗಳಲ್ಲಿ ಇದೇ ಮುಖ್ಯ ಪ್ರಶ್ನೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇವೆ.

ಸೀಸಿಯಂ, ಬೆಳ್ಳಿ, ಇಂಡಿಯಂ ಮತ್ತು ಕ್ಲೋರಿನ್ ಸೇರಿದ ಜೋಡಿ ಪೆರೊವ್‌ಸ್ಕೈಟನ್ನು ತೆಗೆದುಕೊಳ್ಳೋಣ. ಅತಿನೇರಳೆ ಬೆಳಕು ಅದರ ಮೇಲೆ ಬಿದ್ದಾಗ ಒಂದು ಎಲೆಕ್ಟ್ರಾನು ಕೆಳಗಿನ ಶಕ್ತಿಪಟ್ಟಿಯಿಂದ ಮೇಲಿನ ಪಟ್ಟಿಗೆ ಏರುತ್ತದೆ, ಕೆಳಗೆ ಅದರ ಖಾಲಿ ಜಾಗ, ಅಂದರೆ ರಂಧ್ರ, ಉಳಿಯುತ್ತದೆ. ಒಂದನ್ನೊಂದು ಸೆಳೆಯುವ ಈ ಜೋಡಿಗೆ ಎಕ್ಸೈಟಾನ್ ಎಂದು ಹೆಸರು. ಎಲೆಕ್ಟ್ರಾನು ಮರಳಿ ಇಳಿಯುವಾಗ ಆ ಶಕ್ತಿ ಬೆಳಕಾಗಿ ಹೊರಬರಬೇಕು. ಆದರೆ ಈ ಹರಳಿನಲ್ಲಿ ಮೇಲಿನ ಪಟ್ಟಿಯ ತಳದಲ್ಲಿರುವ ಎಲೆಕ್ಟ್ರಾನಿನ ಅಲೆಯ ಆಕಾರಕ್ಕೂ ಕೆಳಗಿನ ಪಟ್ಟಿಯ ತುದಿಯಲ್ಲಿರುವ ಅಲೆಯ ಆಕಾರಕ್ಕೂ ಒಂದೇ ಬಗೆಯ ಸಮಮಿತಿ ಇದೆ. ಹರಳಿನ ಕೇಂದ್ರದ ಮೂಲಕ ತಿರುಗಿಸಿ ನೋಡಿದರೆ ಎರಡೂ ಬದಲಾಗದೆ ಉಳಿಯುತ್ತವೆ. ಕ್ವಾಂಟಂ ನಿಯಮದ ಪ್ರಕಾರ ಇಂತಹ ಎರಡು ಸ್ಥಿತಿಗಳ ನಡುವೆ ಸಾಮಾನ್ಯ ಬಗೆಯ ಬೆಳಕಿನ ವಿನಿಮಯ ನಿಷಿದ್ಧ. ಬಾಗಿಲು ಇದೆ, ಅಗುಳಿ ಹಾಕಿದೆ. ಎಲೆಕ್ಟ್ರಾನು ಇಳಿಯಲು ದಾರಿ ಸಿಗದೆ ಕಾಯುತ್ತಿರುವಾಗ, ಹರಳಿನ ಯಾವುದೋ ದೋಷ ಅದನ್ನು ಹಿಡಿದು ಅದರ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತದೆ. ಶುದ್ಧ ಹರಳು ಮಂಕಾಗಿ ಕಾಣುವುದು ಇದರಿಂದ.

ಈ ಹರಳಿಗೆ ಇನ್ನೊಂದು ವಿಶೇಷ ಗುಣವಿದೆ: ಅದರ ಪರಮಾಣುಗಳ ಜಾಲ ಮೆದು. ಎಕ್ಸೈಟಾನ್ ಹುಟ್ಟಿದ ಕೂಡಲೆ ಅದರ ಸುತ್ತಲಿನ ಬೆಳ್ಳಿ–ಕ್ಲೋರಿನ್ ಎಂಟುಮುಖಿ ಒಂದು ದಿಕ್ಕಿನಲ್ಲಿ ಹಿಗ್ಗಿ, ಇನ್ನೊಂದು ದಿಕ್ಕಿನಲ್ಲಿ ಕುಗ್ಗಿ, ತಾನೇ ಒಂದು ಗುಂಡಿ ತೋಡಿಕೊಂಡಂತೆ ಆಗುತ್ತದೆ. ಎಕ್ಸೈಟಾನ್ ಆ ಗುಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ದಪ್ಪ ಹಾಸಿಗೆಯ ಮೇಲೆ ಭಾರದ ಗುಂಡು ಇಟ್ಟರೆ ಅದು ತನ್ನ ಭಾರದಿಂದಲೇ ತನಗೆ ತಗ್ಗು ಮಾಡಿಕೊಳ್ಳುವ ಹಾಗೆ. ಇದನ್ನು ಸ್ವಯಂಬಂಧಿತ ಎಕ್ಸೈಟಾನ್ ಎನ್ನಬಹುದು. ಜಾಲವನ್ನು ಬಗ್ಗಿಸಲು ಸಾಕಷ್ಟು ಶಕ್ತಿ ಖರ್ಚಾಗುವುದರಿಂದ, ಹೊರಬರುವ ಬೆಳಕು ಒಳಹೋದ ಬೆಳಕಿಗಿಂತ ಬಹಳ ಕಡಿಮೆ ಶಕ್ತಿಯದ್ದಾಗಿರುತ್ತದೆ. ಜಾಲ ಕಂಪಿಸುತ್ತಲೇ ಇರುವುದರಿಂದ ಒಂದು ಬಣ್ಣದ ಬದಲು ನೀಲಿಯಂಚಿನಿಂದ ಕೆಂಪಿನವರೆಗೆ ಹರಡಿದ ಅಗಲವಾದ ರೋಹಿತ ಸಿಗುತ್ತದೆ. ಇಷ್ಟು ಅಗಲದ ರೋಹಿತವನ್ನು ಕಣ್ಣು ಬಿಳಿ ಎಂದೇ ಗ್ರಹಿಸುತ್ತದೆ.

ಹಾಗಾದರೆ ಅಗುಳಿ ತೆಗೆಯುವುದು ಹೇಗೆ? ಚೀನಾದ ವುಹಾನ್‌ನಲ್ಲಿರುವ ಹುವಾಜೊಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಜಿಯಾಂಗ್ ಟಾಂಗ್ ಅವರ ತಂಡವು 2018ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನಪಿಡಬೇಕಾದದ್ದು. ನಮ್ಮ ಟಿಪ್ಪಣಿಯೂ ಅದನ್ನೇ ಕುರಿತದ್ದು. ಅವರು ಬೆಳ್ಳಿಯ ಜಾಗದಲ್ಲಿ ನೂರಕ್ಕೆ ನಲವತ್ತರಷ್ಟು ಸೋಡಿಯಂ ಕೂರಿಸಿದರು. ಸೋಡಿಯಂ ಬಂದಾಗ ಸ್ವಯಂಬಂಧಿತ ಎಕ್ಸೈಟಾನಿನ ಅಲೆಯ ಸಮಮಿತಿ ಮುರಿದು, ನಿಷೇಧ ಸಡಿಲವಾಯಿತು. ಜೊತೆಗೆ ಸೋಡಿಯಂ ಎಂಟುಮುಖಿಗಳು ಎಲೆಕ್ಟ್ರಾನುಗಳ ಓಡಾಟದಲ್ಲಿ ಪಾಲ್ಗೊಳ್ಳದೆ ಗೋಡೆಗಳಂತೆ ನಿಂತು, ಎಲೆಕ್ಟ್ರಾನು ಮತ್ತು ರಂಧ್ರಗಳನ್ನು ಹತ್ತಿರ ಹತ್ತಿರವೇ ಇರಿಸಿದವು. ಶುದ್ಧ ಹರಳಿಗೆ ಹೋಲಿಸಿದರೆ ಬೆಳಕಿನ ದಕ್ಷತೆ ಸಾವಿರ ಪಟ್ಟಿನ ಮಟ್ಟದಲ್ಲಿ ಏರಿತು. ಅದರ ಮೇಲೆ ಶೇ. 0.04ರಷ್ಟು ಬಿಸ್ಮತ್ ಬೆರೆಸಿದಾಗ ಹರಳಿನ ಗುಣಮಟ್ಟ ಸುಧಾರಿಸಿ, ಇಳುವರಿ ಶೇ. 86ರ ಆಸುಪಾಸಿಗೆ ಬಂತು, ಹಾಗೂ ಅದರಿಂದ ಮಾಡಿದ ದೀಪವು 1,000 ಗಂಟೆಗಳಿಗೂ ಹೆಚ್ಚು ಕಾಲ ಉರಿಯಿತು.

ಆದ್ದರಿಂದ ಶಾಲೆಯ ಪಾಠ ಸುಳ್ಳಾಗಲಿಲ್ಲ, ಅದಕ್ಕೆ ಒಂದು ತಿದ್ದುಪಡಿ ಬೇಕಾಯಿತು. ಕೈಮೀರಿ ಸೇರಿದ ಕಲ್ಮಶ ಬೆಳಕನ್ನು ನುಂಗುತ್ತದೆ. ಅಳೆದು ತೂಗಿ ಸೇರಿಸಿದ ಅಯಾನು ಬೆಳಕಿಗೆ ದಾರಿ ಮಾಡಿಕೊಡುತ್ತದೆ. ಎರಡನ್ನೂ ಒಂದೇ "ಅಶುದ್ಧಿ" ಎಂಬ ಪದದಿಂದ ಕರೆಯುವುದು ನಮ್ಮ ಭಾಷೆಯ ಬಡತನವೇ ಸರಿ. ಅದಕ್ಕಾಗಿ ಈ ಅಂಕಣದಲ್ಲಿ ಉದ್ದೇಶಪೂರ್ವಕ ಬೆರಕೆಗೆ ಡೋಪಿಂಗ್ ಎಂಬ ಪದವನ್ನೇ ಬಳಸುತ್ತೇವೆ.

ಪ್ರಶ್ನೆ: ಹೊರಬರುವ ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಹರಳೋ, ಡೋಪ್ ಮಾಡಿದ ಅಯಾನೋ?

ಉತ್ತರ: ಅಯಾನು ಯಾವುದು ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ.

ಒಂದು ತುದಿಯಲ್ಲಿ ಎರ್ಬಿಯಂ, ಯಟರ್ಬಿಯಂ, ಟರ್ಬಿಯಂನಂತಹ ಲ್ಯಾಂಥನೈಡ್ ಅಯಾನುಗಳಿವೆ. ಇವುಗಳ ಬೆಳಕು ಹುಟ್ಟುವುದು ಒಳಗಿನ ಎಫ್ ಕಕ್ಷೆಗಳ ಎಲೆಕ್ಟ್ರಾನುಗಳಿಂದ, ಆ ಕಕ್ಷೆಗಳಿಗೆ ಹೊರಗಿನ ತುಂಬಿದ ಕಕ್ಷೆಗಳ ರಕ್ಷಣೆ ಇದೆ. ಸುತ್ತ ಯಾವ ಹರಳೇ ಇರಲಿ, ಟರ್ಬಿಯಂ ಸುಮಾರು 545 ನ್ಯಾನೊಮೀಟರಿನ ಹಸಿರನ್ನೂ, ಎರ್ಬಿಯಂ ಸುಮಾರು 1,540 ನ್ಯಾನೊಮೀಟರಿನ ಅವಕೆಂಪನ್ನೂ ಕೊಡುತ್ತವೆ. ಊರು ಬದಲಾದರೂ ಮಾತಿನ ಧಾಟಿ ಬಿಡದ ಮನುಷ್ಯರ ಹಾಗೆ. ಆದರೆ ಇವಕ್ಕೆ ತಾವಾಗಿ ಬೆಳಕು ಹೀರುವ ಶಕ್ತಿ ಬಹಳ ಕಡಿಮೆ, ಆದ್ದರಿಂದ ಬೆಳಕನ್ನು ಹೀರಿ ಇವಕ್ಕೆ ದಾಟಿಸಲು ಇನ್ನೊಬ್ಬರು ಬೇಕು. ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಅಂಶುಮಾನ್ ನಾಗ್ ಅವರ ತಂಡವು ಬೆಳ್ಳಿ–ಇಂಡಿಯಂ ಜೋಡಿ ಪೆರೊವ್‌ಸ್ಕೈಟಿಗೆ ಬಿಸ್ಮತ್ ಮತ್ತು ಎರ್ಬಿಯಂ ಎರಡನ್ನೂ ಒಟ್ಟಿಗೆ ಸೇರಿಸಿ, 2020ರಲ್ಲಿ ಇದಕ್ಕೊಂದು ಚೊಕ್ಕ ಉದಾಹರಣೆಯನ್ನು ಕೊಟ್ಟಿತು: ಸುಮಾರು 370 ನ್ಯಾನೊಮೀಟರಿನ ಅತಿನೇರಳೆಯನ್ನು ಬಿಸ್ಮತ್ ಹೀರುತ್ತದೆ, 1,540ರಲ್ಲಿ ಎರ್ಬಿಯಂ ಸೂಸುತ್ತದೆ. ದೂರಸಂಪರ್ಕದ ಗಾಜಿನ ಎಳೆಗಳಲ್ಲಿ ಬೆಳಕು ಅತಿ ಕಡಿಮೆ ಸವೆಯುವುದು ಇದೇ ತರಂಗಾಂತರದ ಆಸುಪಾಸಿನಲ್ಲಿ.

ಮ್ಯಾಂಗನೀಸ್ ಸ್ವಭಾವ ಬೇರೆ. ಅದರ ಡಿ ಕಕ್ಷೆಗಳು ಹೊರಕ್ಕೆ ಚಾಚಿಕೊಂಡಿರುವುದರಿಂದ ನೆರೆಹೊರೆಯ ಪ್ರಭಾವ ಅದಕ್ಕೆ ನೇರವಾಗಿ ತಟ್ಟುತ್ತದೆ. ಎಂಟುಮುಖಿಯ ನಡುವೆ ಕೂತರೆ ಕಿತ್ತಳೆಯಿಂದ ಕೆಂಪಿನವರೆಗಿನ ಬೆಳಕು, ನಾಲ್ಕೇ ನೆರೆಯವರಿರುವ ಚತುರ್ಮುಖಿಯಲ್ಲಿ ಕೂತರೆ ಹಸಿರು. ಅದೇ ಐಸರ್ ತಂಡ 2018ರಲ್ಲಿ ಇದೇ ಬೆಳ್ಳಿ–ಇಂಡಿಯಂ ಹರಳಿಗೆ ಮ್ಯಾಂಗನೀಸ್ ಡೋಪ್ ಮಾಡಿದಾಗ 630 ನ್ಯಾನೊಮೀಟರಿನ ಸಮೀಪ ಕೆಂಪು ಬೆಳಕು ಕಂಡಿತು. ಈ ಬೆಳಕು ನಿಧಾನಸ್ವಭಾವದ್ದು: ಎಲೆಕ್ಟ್ರಾನು ತನ್ನ ತಿರುಗಣೆಯ (ಸ್ಪಿನ್) ದಿಕ್ಕನ್ನೇ ಬದಲಿಸಿ ಇಳಿಯಬೇಕಾದ್ದರಿಂದ ಮಿಲಿಸೆಕೆಂಡುಗಳಷ್ಟು ಕಾಲ ಹಿಡಿಯುತ್ತದೆ. ಸೀಸದ ಬ್ರೋಮೈಡ್ ನ್ಯಾನೊಹರಳು ಅದೇ ಕೆಲಸವನ್ನು ಕೆಲವು ನ್ಯಾನೊಸೆಕೆಂಡುಗಳಲ್ಲಿ ಮುಗಿಸುತ್ತದೆ, ಅಂದರೆ ಲಕ್ಷಗಟ್ಟಲೆ ಪಟ್ಟು ಬೇಗ.

ಇನ್ನೊಂದು ತುದಿಯಲ್ಲಿ ಆಂಟಿಮನಿ ಇದೆ. ಇದು ಪೂರ್ತಿ ಪರಿಸರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಅಯಾನು. ಸೀಸಿಯಂ–ಸೋಡಿಯಂ–ಇಂಡಿಯಂ ಕ್ಲೋರೈಡಿನಲ್ಲಿ ಅದು ಸುಮಾರು 445 ನ್ಯಾನೊಮೀಟರಿನ ನೀಲಿಯನ್ನು ಕೊಟ್ಟರೆ, ಎಂಟುಮುಖಿಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿರುವ, ನೀರಿನ ಅಣುವನ್ನೂ ಒಳಗಿಟ್ಟುಕೊಂಡ ಸೀಸಿಯಂ–ಇಂಡಿಯಂ ಕ್ಲೋರೈಡಿನಲ್ಲಿ ಹಳದಿಯನ್ನು ಕೊಡುತ್ತದೆ. ಅಯಾನು ಅದೇ, ಕ್ಲೋರಿನ್ ಅದೇ, ಇಂಡಿಯಂ ಕೂಡ ಅದೇ; ಬದಲಾದದ್ದು ಪ್ರಚೋದನೆಗೊಂಡ ಎಂಟುಮುಖಿಗೆ ಮೈ ಬಗ್ಗಿಸಲು ಎಷ್ಟು ಜಾಗವಿದೆ ಎಂಬುದು ಮಾತ್ರ. ಹೆಚ್ಚು ಬಗ್ಗಿದಷ್ಟೂ ಹೆಚ್ಚು ಶಕ್ತಿ ಜಾಲಕ್ಕೆ ಹೋಗಿ, ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ.

ಪ್ರಶ್ನೆ: ನಾನು ಬಹಳ ವರ್ಷ ದೀಪ ತಯಾರಿಕೆಯಲ್ಲಿದ್ದವನು. ಟ್ಯೂಬ್‌ಲೈಟಿನ ಒಳಗೆ ಬಳಿಯುತ್ತಿದ್ದ ಬಿಳಿ ಪುಡಿಯಲ್ಲೂ ಆಂಟಿಮನಿ ಮತ್ತು ಮ್ಯಾಂಗನೀಸ್ ಇರುತ್ತಿದ್ದವು. ಹಾಗಿದ್ದರೆ ಈ ಸಂಶೋಧನೆಯಲ್ಲಿ ಹೊಸತೇನಿದೆ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನಮಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದು. ನಿಮ್ಮ ಮಾತು ನಿಜ. 1942ರಲ್ಲಿ ಇಂಗ್ಲೆಂಡಿನ ಮೆಕ್ಯಾಗ್ ಮತ್ತು ರ‍್ಯಾನ್‌ಬಿ ಎಂಬವರು ರೂಪಿಸಿದ ಕ್ಯಾಲ್ಸಿಯಂ ಹ್ಯಾಲೊಫಾಸ್ಫೇಟ್ ಪುಡಿ ದಶಕಗಳ ಕಾಲ ಜಗತ್ತಿನ ಟ್ಯೂಬ್‌ಲೈಟುಗಳನ್ನು ಆಳಿತು. ಕೊಳವೆಯೊಳಗಿನ ಪಾದರಸದ ಆವಿ ಸೂಸುವ 254 ನ್ಯಾನೊಮೀಟರಿನ ಅತಿನೇರಳೆಯನ್ನು ಆಂಟಿಮನಿ ಹೀರಿಕೊಂಡು, ಒಂದಷ್ಟನ್ನು ತಾನೇ ನೀಲಿಯಾಗಿ ಬಿಟ್ಟು, ಉಳಿದದ್ದನ್ನು ಪಕ್ಕದ ಮ್ಯಾಂಗನೀಸಿಗೆ ದಾಟಿಸುತ್ತಿತ್ತು. ಮ್ಯಾಂಗನೀಸ್ ಅದನ್ನು ಕಿತ್ತಳೆಯಾಗಿ ಹೊರಹಾಕುತ್ತಿತ್ತು. ಎರಡೂ ಬೆರೆತು ಬಿಳಿ. ಮ್ಯಾಂಗನೀಸಿನ ಪಾಲನ್ನು ಹೆಚ್ಚುಕಡಿಮೆ ಮಾಡಿ ತಂಪು ಬಿಳಿ, ಬೆಚ್ಚನೆಯ ಬಿಳಿ ಎಂದು ಬಗೆಗಳನ್ನು ಮಾಡುತ್ತಿದ್ದರು. ಇಂದು ಜೋಡಿ ಪೆರೊವ್‌ಸ್ಕೈಟಿನಲ್ಲಿ ಆಂಟಿಮನಿ–ಮ್ಯಾಂಗನೀಸ್ ಜೋಡಿಯನ್ನು ಡೋಪ್ ಮಾಡುವವರೆಲ್ಲ, ಹೇಳಲಿ ಬಿಡಲಿ, ಆ ಪುಡಿಯ ಮೊಮ್ಮಕ್ಕಳೇ. ಹೊಸ ಪ್ರಬಂಧಗಳು ಈ ಪೂರ್ವಿಕರನ್ನು ಇನ್ನಷ್ಟು ಧಾರಾಳವಾಗಿ ನೆನೆಯಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ.

ವ್ಯತ್ಯಾಸವಿರುವುದು ಆತಿಥೇಯ ಹರಳಿನಲ್ಲಿ. ಹ್ಯಾಲೊಫಾಸ್ಫೇಟಿನಲ್ಲಿ ಹರಳು ಬರೀ ಗೂಡು. ಕೆಲಸವೆಲ್ಲ ಅತಿಥಿ ಅಯಾನುಗಳದ್ದು. ಪೆರೊವ್‌ಸ್ಕೈಟು ಸ್ವತಃ ಅರೆವಾಹಕ, ಬೆಳಕನ್ನು ತಾನೇ ಹೀರಿ ಅತಿಥಿಗೆ ತಲುಪಿಸಬಲ್ಲದು, ಬೇಕಾದರೆ ಸ್ವಯಂಬಂಧಿತ ಎಕ್ಸೈಟಾನಿನ ಮೂಲಕ ತಾನೂ ಬೆಳಗಬಲ್ಲದು. ಎರಡನೆಯದು ತಯಾರಿಕೆಯ ವಿಧಾನ. ಹ್ಯಾಲೊಫಾಸ್ಫೇಟಿಗೆ 1,000 ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆ ಬೇಕಿತ್ತು ಎಂಬುದು ನಿಮಗೆ ಗೊತ್ತೇ ಇದೆ. ಕ್ಲೋರೈಡ್ ಪೆರೊವ್‌ಸ್ಕೈಟುಗಳು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಲವಣಗಳನ್ನು ಕರಗಿಸಿ, ಮುಚ್ಚಿದ ಪಾತ್ರೆಯಲ್ಲಿ 200 ಡಿಗ್ರಿಯೊಳಗೇ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟರೆ ಹರಳುಗಟ್ಟುತ್ತವೆ. ಮೂರನೆಯದು, ಪಾದರಸದ ಗೊಡವೆಯೇ ಇಲ್ಲ.

ಪ್ರಶ್ನೆ: ಒಂದು ವಸ್ತುವಿನ ಇಳುವರಿ ಶೇ. 190 ಎಂದು ಓದಿದೆ. ನೂರು ಹಾಕಿ ನೂರ ತೊಂಬತ್ತು ತೆಗೆಯುವುದು ಶಕ್ತಿಯ ನಿಯಮಕ್ಕೆ ವಿರುದ್ಧವಲ್ಲವೇ?

ಉತ್ತರ: ವಿರುದ್ಧವಲ್ಲ, ಏಕೆಂದರೆ ಇಲ್ಲಿ ಎಣಿಸುತ್ತಿರುವುದು ಫೋಟಾನುಗಳ ಸಂಖ್ಯೆಯನ್ನು, ಅವುಗಳ ಶಕ್ತಿಯನ್ನಲ್ಲ. ದೊಡ್ಡ ನೋಟು ಕೊಟ್ಟು ಎರಡು ಸಣ್ಣ ನೋಟುಗಳನ್ನು ಪಡೆದರೆ ನೋಟುಗಳ ಸಂಖ್ಯೆ ಹೆಚ್ಚಾಯಿತೇ ಹೊರತು ಹಣ ಹೆಚ್ಚಲಿಲ್ಲ. ಯಟರ್ಬಿಯಂ ಡೋಪ್ ಮಾಡಿದ ಸೀಸಿಯಂ ಸೀಸ ಕ್ಲೋರೈಡಿನಲ್ಲಿ ಆಗುವುದು ಇದೇ. ಆ ಹರಳಿನ ಕೆಳಗಿನ ಮತ್ತು ಮೇಲಿನ ಪಟ್ಟಿಗಳ ನಡುವಿನ ಶಕ್ತಿಯ ಅಂತರ ಸುಮಾರು 3 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ). ಯಟರ್ಬಿಯಂ ಸೂಸುವ ಅವಕೆಂಪು ಫೋಟಾನಿನ ಶಕ್ತಿ ಸುಮಾರು 1.25 ಎಲೆಕ್ಟ್ರಾನ್ ವೋಲ್ಟ್. ಒಂದು ದೊಡ್ಡ ಫೋಟಾನು ಎರಡು ಯಟರ್ಬಿಯಂಗಳಿಗೆ ಹಂಚಿಹೋಗಿ ಎರಡೂವರೆ ಎಲೆಕ್ಟ್ರಾನ್ ವೋಲ್ಟ್ ಬೆಳಕಾಗಿ ಬರುತ್ತದೆ, ಉಳಿದ ಅರ್ಧ ಎಲೆಕ್ಟ್ರಾನ್ ವೋಲ್ಟ್ ಶಾಖವಾಗುತ್ತದೆ. ಇದಕ್ಕೆ ಕ್ವಾಂಟಂ ಕತ್ತರಿಕೆ ಎನ್ನಬಹುದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಗ್ಯಾಮೆಲಿನ್ ಅವರ ತಂಡವು 2018ರಲ್ಲಿ ತೆಳುಪದರಗಳಲ್ಲಿ ಶೇ. 190ಕ್ಕಿಂತ ಹೆಚ್ಚಿನ ಇಳುವರಿಯನ್ನು ವರದಿ ಮಾಡಿತು. ನೀವು ಓದಿದ್ದು ಬಹುಶಃ ಅದೇ ಇರಬೇಕು.

ಆದರೆ ಗಮನಿಸಿ, ಅದು ಸೀಸವಿರುವ ಹರಳು. ಸೀಸವಿಲ್ಲದ ಜೋಡಿ ಪೆರೊವ್‌ಸ್ಕೈಟುಗಳಲ್ಲಿಯೂ ಯಟರ್ಬಿಯಂ ಬೆಳಗುತ್ತದೆ, ಆದರೆ ಇಳುವರಿ ಬಹಳ ಕೆಳಗಿದೆ. ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಸೀಸಕ್ಕೆ ಎರಡು ವಿದ್ಯುದಂಶ, ಯಟರ್ಬಿಯಂಗೆ ಮೂರು. ಆದ್ದರಿಂದ ಎರಡು ಯಟರ್ಬಿಯಂ ಒಳಬರಬೇಕಾದರೆ ಮೂರು ಸೀಸ ಹೊರಹೋಗಿ ಒಂದು ಜಾಗ ಖಾಲಿ ಉಳಿಯಬೇಕು. ಆ ಖಾಲಿ ಜಾಗದ ಎರಡು ಬದಿಯಲ್ಲಿ ಯಟರ್ಬಿಯಂಗಳು ಜೋಡಿಯಾಗಿ ನಿಲ್ಲುತ್ತವೆ, ಶಕ್ತಿಯನ್ನು ಇಬ್ಬರಿಗೆ ಹಂಚಲು ಅದು ಅನುಕೂಲ ಎಂಬುದು ಈ ಪ್ರಕ್ರಿಯೆಗೆ ಕೊಡುವ ವಿವರಣೆ. ಇಂಡಿಯಂ ಜಾಗದಲ್ಲಿ ಕೂರುವಾಗ ವಿದ್ಯುದಂಶ ಮೂರಕ್ಕೆ ಮೂರು ಸರಿಹೊಂದುವುದರಿಂದ ಅಂತಹ ಜೋಡಿಯಾಗುವ ಒತ್ತಾಯವೇ ಇರುವುದಿಲ್ಲ. ವಿದ್ಯುದಂಶ ಹೊಂದದಿರುವುದು ಮೇಲ್ನೋಟಕ್ಕೆ ಅಡ್ಡಿಯಾಗಿ ಕಂಡರೂ, ಸೀಸದ ಹರಳಿನಲ್ಲಿ ಅದೇ ಉಪಕಾರವಾಗಿದೆ.

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿಯಾದ ನಾನು ದ್ರಾವಣಕ್ಕೆ ಶೇ. 10ರಷ್ಟು ಮ್ಯಾಂಗನೀಸ್ ಹಾಕಿದ್ದೇನೆ. ಅದು ನಿಜವಾಗಿ ಹರಳಿನ ಒಳಗೆ ಸೇರಿದೆ ಎಂದು ಹೇಗೆ ಖಚಿತಪಡಿಸಿಕೊಳ್ಳಬೇಕು?

ಉತ್ತರ: ಮೊದಲಿಗೆ, ಹಾಕಿದ್ದಷ್ಟೂ ಸೇರಿದೆ ಎಂದು ಎಂದಿಗೂ ಬರೆಯಬೇಡಿ. ಹರಳು ಬೆಳೆಯುವಾಗ ತನಗೆ ಒಗ್ಗದ ಅಯಾನನ್ನು ಹೊರತಳ್ಳುವುದು ಅದರ ಸಹಜ ಗುಣ. ಎರಡು ವಿದ್ಯುದಂಶದ ಮ್ಯಾಂಗನೀಸಿಗೆ ಒಂದರ ಬೆಳ್ಳಿಯ ಜಾಗವೂ ಮೂರರ ಇಂಡಿಯಂ ಜಾಗವೂ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ, ಹಾಕಿದ ಹತ್ತರಲ್ಲಿ ಸೇರಿದ್ದು ಒಂದೇ ಆಗಿದ್ದರೂ ಆಶ್ಚರ್ಯಪಡಬೇಕಿಲ್ಲ. ಹರಳನ್ನು ಚೆನ್ನಾಗಿ ತೊಳೆದು, ಆಮ್ಲದಲ್ಲಿ ಕರಗಿಸಿ, ಪ್ಲಾಸ್ಮಾ ವಿಶ್ಲೇಷಣೆಯಿಂದ ನಿಜವಾದ ಪ್ರಮಾಣವನ್ನು ಅಳೆಯಿರಿ.

ಪ್ರಮಾಣ ಗೊತ್ತಾದರೂ ಜಾಗ ಗೊತ್ತಾಗುವುದಿಲ್ಲ. ಮ್ಯಾಂಗನೀಸ್ ಹರಳಿನ ಮೈಮೇಲೆ ಅಂಟಿಕೊಂಡಿರಬಹುದು, ಅಥವಾ ಬೇರೆಯೇ ಲವಣವಾಗಿ ಪಕ್ಕದಲ್ಲಿ ಕೂತಿರಬಹುದು. ಇದಕ್ಕೆ, ಜೋಡಿಯಿಲ್ಲದ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರದಲ್ಲಿ ಪರೀಕ್ಷಿಸುವ ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ಅನುರಣನವೇ ಒಳ್ಳೆಯ ಸಾಕ್ಷಿ. ಮ್ಯಾಂಗನೀಸಿನ ಪರಮಾಣು ಬೀಜದ ತಿರುಗಣೆ ಐದರ ಅರ್ಧ ಆಗಿರುವುದರಿಂದ, ಅಯಾನುಗಳು ಒಂದಕ್ಕೊಂದು ದೂರವಾಗಿ ಬಿಡಿಬಿಡಿಯಾಗಿ ಕೂತಿದ್ದರೆ ಆರು ಗೆರೆಗಳ ಸ್ಪಷ್ಟ ರೋಹಿತ ಸಿಗುತ್ತದೆ. ಗುಂಪುಗೂಡಿದ್ದರೆ ಆ ಆರು ಗೆರೆಗಳು ಕಲಸಿಹೋಗಿ ಒಂದೇ ಅಗಲ ಉಬ್ಬಾಗುತ್ತವೆ. ಕ್ಷ-ಕಿರಣ ವಿವರ್ತನೆಯ ಶಿಖರಗಳು ಸರಿಯುವುದನ್ನೂ ನೋಡಬೇಕು, ಆದರೆ ಶೇ. 1ರ ಡೋಪಿಂಗಿನಲ್ಲಿ ಆ ಸರಿಯುವಿಕೆ ಉಪಕರಣದ ದೋಷದಷ್ಟೇ ಇರುತ್ತದೆ. ಅದೊಂದನ್ನೇ ನೆಚ್ಚಿಕೊಂಡ ವರದಿಗಳನ್ನು ನಾವು ಅನುಮಾನದಿಂದಲೇ ಓದುತ್ತೇವೆ.

ಕೊನೆಯದಾಗಿ, ಕೆಂಪು ಬೆಳಕನ್ನು ಗಮನಿಸುತ್ತಾ ಪ್ರಚೋದಕ ತರಂಗಾಂತರವನ್ನು ಬದಲಿಸುತ್ತ ಹೋಗಿ. ಆತಿಥೇಯ ಹರಳು ಹೀರುವ ಅತಿನೇರಳೆಯಲ್ಲಿ ಕೆಂಪು ಜೋರಾಗಿ ಬಂದರೆ, ಹರಳಿನಿಂದ ಮ್ಯಾಂಗನೀಸಿಗೆ ಶಕ್ತಿ ದಾಟುತ್ತಿದೆ ಎಂದು ಅರ್ಥ. ಮ್ಯಾಂಗನೀಸ್ ಹರಳಿನ ಒಳಗೇ, ಅಷ್ಟು ಹತ್ತಿರ ಇಲ್ಲದಿದ್ದರೆ ದಾಟುವುದು ಕಷ್ಟ. ಇನ್ನು, ಹೆಚ್ಚು ಸೇರಿಸಿದರೆ ಹೆಚ್ಚು ಬೆಳಕು ಎಂಬ ಆಸೆಯೂ ಬೇಡ: ಒಂದು ಮಿತಿ ಮೀರಿದ ಮೇಲೆ ಶಕ್ತಿ ಒಂದು ಮ್ಯಾಂಗನೀಸಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಿ, ಎಲ್ಲೋ ಒಂದು ದೋಷದ ಬಾಯಿಗೆ ಬೀಳುತ್ತದೆ.

ಪ್ರಶ್ನೆ: ಇಳುವರಿ ಶೇ. 86 ಇದ್ದರೂ ಇವುಗಳ ಬಲ್ಬು ಏಕೆ ಬಳಕೆಗೆ ಬಂದಿಲ್ಲ?

ಉತ್ತರ: ಇಳುವರಿಯೇ ದೀಪದ ದಕ್ಷತೆ ಎಂದು ಭಾವಿಸುವುದರಿಂದ ಈ ನಿರಾಸೆ ಹುಟ್ಟುತ್ತದೆ. ಇಂದಿನ ಬಿಳಿ ಎಲ್‌ಇಡಿಯಲ್ಲಿ ಸುಮಾರು 450 ನ್ಯಾನೊಮೀಟರಿನ ನೀಲಿ ಚಿಪ್ ಇರುತ್ತದೆ. ಅದರ ಮೇಲೆ ಬಳಿದ, ಸೀರಿಯಂ ಡೋಪ್ ಮಾಡಿದ ಹಳದಿ ಪುಡಿ ನೀಲಿಯ ಒಂದು ಭಾಗವನ್ನು ಹಳದಿಯಾಗಿಸುತ್ತದೆ. ನಾವು ಮೇಲೆ ಹೊಗಳಿದ ಕ್ಲೋರೈಡ್ ಹರಳುಗಳು 450ರ ನೀಲಿಯನ್ನು ಹೀರುವುದೇ ಇಲ್ಲವೆನ್ನಬಹುದು. ಅವಕ್ಕೆ 365 ನ್ಯಾನೊಮೀಟರಿನ ಆಸುಪಾಸಿನ ಅತಿನೇರಳೆ ಬೇಕು. 365ರ ಫೋಟಾನನ್ನು 600ರ ಫೋಟಾನಾಗಿ ಬದಲಿಸಿದರೆ, ಇಳುವರಿ ನೂರಕ್ಕೆ ನೂರಿದ್ದರೂ, ಶಕ್ತಿಯ ನೂರರಲ್ಲಿ ಸುಮಾರು 39 ಪಾಲು ಶಾಖವಾಗಿ ಹೋಗುತ್ತದೆ. 450ನ್ನು 560 ಮಾಡುವಾಗ ಹೋಗುವುದು 20 ಪಾಲು. ಈ ನಷ್ಟವನ್ನು ಯಾವ ಡೋಪಿಂಗೂ ತುಂಬಿಕೊಡಲಾರದು. ಹೀಗಾಗಿ ಹೀರುವ ಅಂಚನ್ನು ನೀಲಿಯ ಕಡೆಗೆ ಎಳೆಯಬಲ್ಲ ಡೋಪಿಂಗ್ ಸಿಕ್ಕರೆ ಅದು ಇಳುವರಿಯಲ್ಲಿ ಇನ್ನೈದು ಅಂಕ ಏರಿಸುವುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ನಮಗೆ ತೋರುತ್ತದೆ.

ಪುಡಿಯಾಗಿ ಬಳಿಯುವ ಬದಲು ನೇರವಾಗಿ ವಿದ್ಯುತ್ ಹರಿಸಿ ಬೆಳಗಿಸುವುದು ಇನ್ನೊಂದು ದಾರಿ. ಸೀಸದ ಪೆರೊವ್‌ಸ್ಕೈಟುಗಳು 2018ರಲ್ಲೇ ಈ ದಾರಿಯಲ್ಲಿ ಶೇ. 20ರ ಬಾಹ್ಯ ದಕ್ಷತೆಯನ್ನು (ಒಳಗೆ ಹರಿಸಿದ ನೂರು ಎಲೆಕ್ಟ್ರಾನುಗಳಿಗೆ ಹೊರಬರುವ ಫೋಟಾನುಗಳ ಲೆಕ್ಕ) ದಾಟಿದವು. ಜೋಡಿ ಪೆರೊವ್‌ಸ್ಕೈಟುಗಳು ಅವುಗಳಿಗಿಂತ ಬಹಳ ಹಿಂದಿವೆ: ಶಕ್ತಿಯ ಅಂತರ ದೊಡ್ಡದಿರುವುದರಿಂದ ಎಲೆಕ್ಟ್ರಾನು ಮತ್ತು ರಂಧ್ರಗಳನ್ನು ಒಳಗೆ ತಳ್ಳುವುದು ಕಷ್ಟ, ಬೆಳಕಿಗೆ ಕಾರಣವಾದ ಆ ಸ್ವಯಂಬಂಧನವೇ ಅವುಗಳ ಓಡಾಟಕ್ಕೆ ಸಂಕೋಲೆಯಾಗುತ್ತದೆ.

ಇವುಗಳಿಗೆ ಬೇಗ ಕೆಲಸ ಸಿಗಬಹುದಾದ ಜಾಗ ಬೇರೆ ಇದೆ. ಕ್ಷ-ಕಿರಣವನ್ನು ಹೀರಿ ಕಾಣುವ ಬೆಳಕಾಗಿಸುವ ಪರದೆಗಳಲ್ಲಿ, ಒಳಬರುವ ಕಿರಣಕ್ಕೂ ಹೊರಬರುವ ಬೆಳಕಿಗೂ ಶಕ್ತಿಯಲ್ಲಿ ಅಜಗಜಾಂತರವಿರುವುದು ಸಹಜವೇ ಆದ್ದರಿಂದ, ಮೇಲೆ ಹೇಳಿದ ನಷ್ಟ ಅಲ್ಲಿ ದೋಷವೆನಿಸುವುದಿಲ್ಲ. ತಾನು ಸೂಸಿದ ಬೆಳಕನ್ನು ತಾನೇ ಮತ್ತೆ ಹೀರಿಕೊಳ್ಳದಿರುವುದು ಅಲ್ಲಿ ದೊಡ್ಡ ಗುಣ. ಸ್ವಯಂಬಂಧಿತ ಎಕ್ಸೈಟಾನಿನ ಬೆಳಕಿಗೆ ಆ ಗುಣ ಹುಟ್ಟಿನಿಂದಲೇ ಬಂದಿದೆ.

ಪ್ರಶ್ನೆ: ಸೀಸ ಇಲ್ಲ ಎಂದಮೇಲೆ ಈ ವಸ್ತುಗಳು ಪೂರ್ತಿ ನಿರಪಾಯಕಾರಿ ಎನ್ನಬಹುದೇ?

ಉತ್ತರ: ಎನ್ನಲಾಗದು. ಪ್ರತಿಯೊಂದು ಧಾತುವನ್ನೂ ಬೇರೆಯಾಗಿಯೇ ನೋಡಬೇಕು. ಬಿಸ್ಮತ್ ಭಾರಲೋಹಗಳ ಪೈಕಿ ಸೌಮ್ಯವಾದದ್ದು, ಅದರ ಸಂಯುಕ್ತಗಳು ಹೊಟ್ಟೆಯ ಔಷಧಗಳಲ್ಲೂ ಬಳಕೆಯಲ್ಲಿವೆ. ಆಂಟಿಮನಿ ಅಷ್ಟು ಸೌಮ್ಯವಲ್ಲ. ಇಂಡಿಯಂ ಸತುವಿನ ಅದಿರಿನಿಂದ ಉಪೋತ್ಪನ್ನವಾಗಿ ಬರುವ ವಿರಳ ಲೋಹ, ಟಿವಿ, ಫೋನ್ ಪರದೆಗಳ ಉದ್ಯಮವೂ ಅದಕ್ಕೇ ಕಾದು ಕೂತಿದೆ. ಸೀಸವಿಲ್ಲದ ಸೀಸಿಯಂ ತಾಮ್ರ ಅಯೋಡೈಡ್ ಹರಳಿಗೆ, ಕ್ಷ-ಕಿರಣದ ಬೆಳಕು ಹೆಚ್ಚಿಸಲೆಂದು, ಥ್ಯಾಲಿಯಂ ಡೋಪ್ ಮಾಡುವುದೂ ಉಂಟು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಅವರು ಸೋಡಿಯಂ ಅಯೋಡೈಡಿಗೆ ಥ್ಯಾಲಿಯಂ ಬೆರೆಸಿದ ಹಳೆಯ ದಾರಿಯೇ ಅದು. ಥ್ಯಾಲಿಯಂ ಸೀಸಕ್ಕಿಂತಲೂ ತೀಕ್ಷ್ಣವಾದ ವಿಷ. ಅಂತಹ ಹರಳಿನ ಮೇಲೆ "ಸೀಸರಹಿತ" ಎಂಬ ಚೀಟಿ ಅಂಟಿಸಿದರೆ ಅದು ಅಕ್ಷರಶಃ ನಿಜವಾಗಿರುತ್ತದೆ, ಅಷ್ಟೆ.